ಗುಂಡಿಯ ಮೇಲಿನ ಸುಣ್ಣದ ಶಿಲುಬೆ

“ಹಗ್ಗ ಬಿಡೇ ಹಾದರಗಿತ್ತಿ! ನಿಮ್ಮಪ್ಪ ಹಾಕ್ಸಿದ್ ರಸ್ತೇನಾ ಇದು?”

ಪಿಕಪ್ ಗಾಡಿಯ ಕಿಟಕಿಯಿಂದ ತಲೆ ಹೊರಗೆ ಹಾಕಿ ಬೈದ ಗಂಡಸಿಗೆ ನಾನು ಹಗ್ಗ ಬಿಡಲಿಲ್ಲ. ಹಗ್ಗದ ಆ ತುದಿಯನ್ನು ಬಾದಾಮಿ ಮರಕ್ಕೆ ಕಟ್ಟಿತ್ತು, ಈ ತುದಿಯನ್ನು ನನ್ನ ಮುಂಗೈಗೆ ಸುತ್ತಿಕೊಂಡಿದ್ದೆ. ನಡುವೆ ಗುಂಡಿ. ನನ್ನ ಅಣ್ಣ ಕ್ರೆಸೆನ್ಸಿಯೊ ಮೊಣಕಾಲವರೆಗೆ ಅದರಲ್ಲಿ ಇಳಿದು, ಒಡೆದ ಇಟ್ಟಿಗೆ ಮತ್ತು ಸಕ್ಕರೆ ಕಾರ್ಖಾನೆಯ ಬೂದಿಯನ್ನು ಸುರಿದು ತುಳಿಯುತ್ತಿದ್ದ.

“ನಮ್ಮಪ್ಪ ಹಾಕ್ಸಿದ್ರೆ ಹಿಂಗಿರ್ತಿರ್ಲಿಲ್ಲ ಕಣಪ್ಪೋ,” ಅಂದೆ. “ಒಂದ್ ಬಿಲ್ಲೆ ಎಸ್ದು ಓಗು. ನಿನ್ ಗಾಡಿ ಅಚ್ಚಾದ್ರೂ ಉಳೀತದೆ.”

“ಎಲ್ಲಾ ಗೊತ್ತು ನಿಮ್ ನಾಟ್ಕ. ನೀವೇ ಅಗಿಯೋದು, ನೀವೇ ಮುಚ್ಚೋದು. ಕಳ್ ನನ್ಮಕ್ಳು.”

ಅಣ್ಣ ಬೆವರು ಒರೆಸಿಕೊಂಡು ತಲೆ ಎತ್ತಿದ. ಅವನಿಗೆ ಸಿಟ್ಟು ಬರುವುದು ಕಡಿಮೆ, ಬಂದರೂ ನಗುತ್ತಲೇ ಬರುತ್ತಿತ್ತು. “ನಾವ್ಯಾಕಣ್ಣೋ ಅಗೀಬೇಕು? ಸಕ್ರೆ ಲಾರಿ ಅಗಿತಾವೆ, ಮಳೆ ಅಗಿತದೆ. ನಮ್ ಸಲ್ಕೇಲಿ ಅಷ್ಟ್ ಕಸುವಿದ್ದಿದ್ರೆ ನಾನು ಪುರಸಭೇನೇ ಅಗ್ದಾಕ್ತಿದ್ದೆ.”

ಗಾಡಿಯವನು ಕ್ಯಾಕರಿಸಿ ಉಗಿದ. ಉಗುಳು ಅಣ್ಣನ ಟೋಪಿಯ ಅಂಚಿಗೆ ಬಿತ್ತು. ನಾನು ಹಗ್ಗ ಸಡಿಲ ಬಿಟ್ಟೆ, ಗಾಡಿ ದಾಟಿ ಹೋಯಿತು. ಅಣ್ಣ ಟೋಪಿಯನ್ನು ತೆಗೆದು ಪ್ಯಾಂಟಿಗೆ ಒರೆಸಿ ಮತ್ತೆ ಹಾಕಿಕೊಂಡ. “ದಾಟ್ಕೊಂಡ್ ಓಯ್ತಲ್ಲ, ಗುಂಡಿ ಚೆನ್ನಾಗೇ ತುಂಬ್ಕೊಂಡದೆ,” ಅಂದ.

ನಮ್ಮೂರು ತ್ರೆಸ್ ಸೇಬಾಸ್‌ನಲ್ಲಿ ಕಬ್ಬು ಕಡಿಯುವ ನಮ್ಮಂಥವರಿಗೆ ಮಳೆಗಾಲ ಬಂತೆಂದರೆ ಕೆಲಸವಿಲ್ಲ. ಕಾರ್ಖಾನೆಯ ಚಿಮಣಿ ಹೊಗೆಯಾಡುವ ತನಕ ಕೂಲಿ, ಅದು ನಿಂತರೆ ಈ ಗುಂಡಿಗಳು. ಹೆದ್ದಾರಿಯಿಂದ ಊರಿಗೆ ಬರುವ ದಾರಿಯಲ್ಲಿ ಒಂದೊಂದು ಮನೆಯವರು ಒಂದೊಂದು ಗುಂಡಿ ಹಿಡಿದಿದ್ದೆವು. ಗುಂಡಿ ಮುಚ್ಚುವುದು, ಹಗ್ಗ ಅಡ್ಡ ಹಿಡಿದು ದಾಟುವ ಗಾಡಿಯವರ ಹತ್ತಿರ ಚಿಲ್ಲರೆ ಕೇಳುವುದು. ಬಾದಾಮಿ ಮರದ ಕೆಳಗಿನದು ನಮ್ಮದು, ಎಲ್ಲಕ್ಕಿಂತ ದೊಡ್ಡದು. ಸಂಜೆ ತುಂಬಿದರೆ ಬೆಳಗ್ಗೆ ಮತ್ತೆ ಬಾಯಿ ತೆರೆದಿರುತ್ತಿತ್ತು. ನಾವಿರುವುದು ಕಾರ್ಖಾನೆಯ ಹಿಂದಿನ ಕೇರಿಯಲ್ಲಿ. ಕಬ್ಬಿನ ಗದ್ದೆ ಸುಟ್ಟಾಗ ಬೂದಿ ಎಲ್ಲ ನಮ್ಮ ಮನೆಗಳ ಮೇಲೇ ಬೀಳುತ್ತದೆಂದು ಅದಕ್ಕೆ ಬೂದಿಕೇರಿ ಎಂದೇ ಹೆಸರು.

ದೂರು ಕೊಡೋಣ ಎಂದು ಹಟ ಹಿಡಿದವಳು ಅಣ್ಣನ ಹೆಂಡತಿ ದೊಮಿತಿಲಾ. ಮುಸುಕಿನ ಜೋಳದ ಹಿಟ್ಟನ್ನು ಅದರ ಎಲೆಯಲ್ಲೇ ಸುತ್ತಿ ಬೇಯಿಸಿದ ತಮಾಲೆಗಳನ್ನು ಮೂರು ಗಾಲಿಯ ಸೈಕಲ್ಲಿನಲ್ಲಿಟ್ಟುಕೊಂಡು ಅವಳು ಊರೊಳಗೆ ಮಾರುತ್ತಿದ್ದಳು. ಒಂದು ಬೆಳಗ್ಗೆ ನೀರು ತುಂಬಿದ ಗುಂಡಿಯ ಆಳ ತಿಳಿಯದೆ ಸೈಕಲ್ಲು ಮಗುಚಿತು. ತಮಾಲೆ ಎಲ್ಲ ಕೆಸರಿಗೆ ಬಿದ್ದವು, ಹಬೆಯಾಡುವ ಪಾತ್ರೆ ತಗುಲಿ ಅವಳ ತೋಳು ಬೆಂದಿತು.

“ಗಂಡ ಗುಂಡಿ ಮುಚ್ಚಾನಾ, ಹೆಂಡ್ತಿ ಅದ್ರಾಗೇ ಬೀಳಾದಾ? ನಡಿ ರೆಮೆ, ಇವತ್ತು ಕೇಳೇಬುಡಾನ,” ಅಂದಳು. ನನ್ನ ಹೆಸರು ರೆಮೆದಿಯೊಸ್, ಕೇರಿಯಲ್ಲಿ ಎಲ್ಲರ ಬಾಯಲ್ಲೂ ರೆಮೆ.

ಪುರಸಭೆಯ ಗುಮಾಸ್ತೆ ನಮ್ಮ ಹತ್ತಿರ ಕರೆಂಟ್ ಬಿಲ್ ಕೇಳಿದಳು.

“ಕರೆಂಟ್ ಬಿಲ್ ಯಾಕವ್ವ? ಕೆಟ್ಟಿರಾದು ರಸ್ತೆ,” ಅಂದೆ.

“ಇಲ್ಲೇ ವಾಸ ಇದ್ದೀರಿ ಅನ್ನೋದಕ್ಕೆ ಗುರುತು ಬೇಕಲ್ಲ.”

ನಮಗೆ ಮೀಟರ್ ಇಲ್ಲ. ಬೂದಿಕೇರಿಯಲ್ಲಿ ಯಾರಿಗೂ ಇಲ್ಲ, ಕಾರ್ಖಾನೆಯ ತಂತಿಗೆ ಕೊಕ್ಕೆ ಹಾಕಿ ದೀಪ ಉರಿಸುವವರು ನಾವು. ಅದನ್ನು ಅವಳ ಮುಂದೆ ಹೇಳುವಷ್ಟು ದಡ್ಡರೇನಲ್ಲ. ಅಷ್ಟರಲ್ಲಿ ಒಳಗಿನಿಂದ ಕಾಫಿ ಲೋಟ ಹಿಡಿದುಕೊಂಡು ಎಂಜಿನಿಯರ್ ಬರ್ರಗಾನ್ ಬಂದ. ಊರಿನ ರಸ್ತೆ, ಚರಂಡಿ ಎಲ್ಲ ಅವನ ಕೈಕೆಳಗೆ. ದೊಮಿತಿಲಾ ಕಾಲು ನೋವೆಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಆಗಷ್ಟೇ ಕುಳಿತಿದ್ದಳು.

“ಏಯ್, ಎದ್ದೇಳು. ಕುರ್ಚಿಗೆಲ್ಲ ಬೂದಿ ಮೆತ್ಕೊಳತ್ತೆ. ನಿಂತ್ಕೊಂಡೇ ಹೇಳು.”

ಅವಳು ಎದ್ದಳು. ಗುಮಾಸ್ತೆ ಬಟ್ಟೆ ತಂದು ನಮ್ಮೆದುರೇ ಕುರ್ಚಿ ಒರೆಸಿದಳು.

“ಬಾದಾಮಿ ಮರದ ತವ ಗುಂಡಿ ಬಿದ್ದದೆ ಸ್ವಾಮಿ. ಇವತ್ತು ನಾನ್ ಬಿದ್ದೆ, ನಾಳೆ ಇನ್ಯಾರೋ,” ಅಂದಳು ದೊಮಿತಿಲಾ.

“ಅದು ಕಾರ್ಖಾನೆ ರಸ್ತೆ. ಕಾರ್ಖಾನೆಯವರನ್ನ ಕೇಳು.”

“ಕಾರ್ಖಾನೆ ಗೇಟಲ್ಲಿ ಕೇಳ್ದೋ. ಪುರಸಭೇದು ಅಂದ್ರು.”

“ಹಂಗಂದ್ರೆ ಯಾರದ್ದೂ ಅಲ್ಲ,” ಎಂದು ಅವನು ಕಾಫಿ ಹೀರಿದ. “ಯಾರದ್ದೂ ಅಲ್ಲದ ಜಾಗದಲ್ಲಿ ಹೋಗಿ ಬೀಳು ಅಂತ ನಿಂಗ್ಯಾರು ಹೇಳಿದ್ದು?”

ಗುಮಾಸ್ತೆ ಕಿಸಕ್ಕನೆ ನಕ್ಕಳು. ದೊಮಿತಿಲಾ ಬೆಂದ ತೋಳನ್ನು ಅವನ ಮುಖದ ಮುಂದೆ ಹಿಡಿದಳು. ಅವನು ಲೋಟವನ್ನು ಪಕ್ಕಕ್ಕೆ ಸರಿಸಿಕೊಂಡ, ತೋಳು ಎಲ್ಲಿ ತಾಗುತ್ತದೋ ಎಂದು.

ಆದರೂ ಅವಳು ಬಿಡಲಿಲ್ಲ. ದಿನವೂ ತಮಾಲೆ ಮಾರಿ ಬರುವಾಗ ಪುರಸಭೆಯ ಮೆಟ್ಟಿಲ ಬಳಿ ಸೈಕಲ್ಲು ನಿಲ್ಲಿಸಿ, “ಗುಂಡಿ ಎಲ್ಲೂ ಓಗಿಲ್ಲ, ಅಲ್ಲೇ ಕುಂತದೆ!” ಎಂದು ಕೂಗಿ ಬರುತ್ತಿದ್ದಳು. ಕೊನೆಗೊಂದು ದಿನ ಅವರು ಬಂದೇ ಬಂದರು. ಬರ್ರಗಾನ್, ಇಬ್ಬರು ಆಳುಗಳು, ಒಂದು ಡಬ್ಬ ಬಿಳಿ ಬಣ್ಣ. ಗುಂಡಿಯ ಸುತ್ತ ದುಂಡಗೆ ಬಣ್ಣ ಬಳಿದರು. ಬರ್ರಗಾನ್ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡ. ಆಮೇಲೆ ಗಾಡಿ ಹತ್ತಿದರು.

“ಅಷ್ಟೇನಾ?” ಎಂದು ಅಣ್ಣ ಕೇಳಿದ.

“ಗಮನಿಸಿದ್ದೀವಲ್ಲ,” ಅಂದ ಬರ್ರಗಾನ್.

ಅಣ್ಣ ನಗಾಡಿದ್ದೇ ನಗಾಡಿದ್ದು. “ನೋಡ್ ರೆಮೆ, ಗುಂಡಿಗೆ ಬಳೆ ತೊಡ್ಸವ್ರೆ. ಇನ್ ಮದ್ವೆ ಒಂದ್ ಬಾಕಿ.”

ಅವನ ಆ ನಗು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಅದಾದ ಮರುವಾರವೇ, ಮಳೆ ಹೊಯ್ದು ಬಿಟ್ಟ ಒಂದು ಬೆಳಗ್ಗೆ, ಅವನು ಗುಂಡಿಯಲ್ಲಿ ಇಳಿದು ಬಕೆಟಿನಲ್ಲಿ ನೀರು ಎತ್ತಿ ಹಾಕುತ್ತಿದ್ದ. ನೀರು ಹೋಗದೆ ಇಟ್ಟಿಗೆ ನಿಲ್ಲುವುದಿಲ್ಲ. ನಾನು ಹಗ್ಗ ಹಿಡಿದಿದ್ದೆ. ಕಾರ್ಖಾನೆಯ ಗೋದಾಮಿನಿಂದ ಸಕ್ಕರೆ ಚೀಲ ಹೇರಿಕೊಂಡ ಲಾರಿ ಬಂತು. ಡ್ರೈವರ್ ಬ್ರೇಕ್ ಒತ್ತಿದ್ದು ನನಗೆ ಕಂಡಿತು. ಗಾಲಿಗಳು ಕೆಸರಿನ ಮೇಲೆ ಜಾರುತ್ತಲೇ ಬಂದವು. ಹಗ್ಗ ನನ್ನ ಮುಂಗೈಯ ಚರ್ಮ ಕಿತ್ತುಕೊಂಡು ಹೋಯಿತು. ನಾನು ಕೂಗಿದೆ. ಅಣ್ಣ ಬಕೆಟ್ ಹಿಡಿದುಕೊಂಡೇ ತಿರುಗಿ ನೋಡಿದ.

ಅವನನ್ನು ಹೊರಗೆ ತೆಗೆಯಲು ಎಂಟು ಜನ ಲಾರಿಗೆ ಹೆಗಲು ಕೊಡಬೇಕಾಯಿತು.

ಮಧ್ಯಾಹ್ನ ಬರ್ರಗಾನ್ ಬಂದ. ಹೆಣ ಮನೆಯಲ್ಲಿತ್ತು, ದೊಮಿತಿಲಾ ಅದರ ಪಕ್ಕ ಕುಳಿತಿದ್ದಳು. ಅವನು ಹೊಸ್ತಿಲ ಆಚೆಯೇ ನಿಂತು ಮಾತಾಡಿದ. “ಹಗ್ಗ ಕಟ್ಟಿ ರಸ್ತೆ ತಡೆಯೋದು ಅಪರಾಧ ಅಂತ ಎಷ್ಟು ಸಲ ಹೇಳಿದ್ವಿ? ಅವನ ತಪ್ಪಿಗೆ ಅವನೇ ಹೋದ. ಆ ಗುಂಡೀನ ನಾಳೆಯೇ ಮುಚ್ಚಿಸ್ತೀವಿ. ಮುಂದಿನ ವಾರ ಕಾರ್ಖಾನೆಗೆ ಗವರ್ನರ್ ಬರೋರಿದ್ದಾರೆ.”

“ನಾಳೆಯೇ?” ಅಂದಳು ದೊಮಿತಿಲಾ.

“ಹೂಂ, ನಾಳೆಯೇ. ನಿಂಗೂ ಅದೇ ತಾನೇ ಬೇಕಾಗಿದ್ದು?”

ಅವನು ಹೋದ ಮೇಲೆ ಅವಳು ಎದ್ದು ಒಲೆಯ ಬಳಿ ಹೋದಳು. ಜೋಳ ಬೇಯಿಸುವ ನೀರಿಗೆ ಹಾಕಲು ಇಟ್ಟಿದ್ದ ಸುಣ್ಣದ ಮಡಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ನಡೆದಳು.

ನಮ್ಮಲ್ಲಿ ಸತ್ತವರಿಗಾಗಿ ನೆಲದ ಮೇಲೆ ಸುಣ್ಣದ ಶಿಲುಬೆ ಬರೆಯುತ್ತೇವೆ. ಒಂಬತ್ತು ದಿನ ಅದರ ಸುತ್ತ ಕುಳಿತು ಪ್ರಾರ್ಥನೆ. ಒಂಬತ್ತನೆಯ ದಿನ ಮನೆಯವರು ಕೇಳಿಕೊಂಡ ಒಬ್ಬ ಹಿರಿಯ ಬಂದು ಆ ಸುಣ್ಣವನ್ನು ಕೈಯಲ್ಲಿ ಬಾಚಿ ಎತ್ತಿ, ನಡೆದುಕೊಂಡೇ ಹೋಗಿ ಸಮಾಧಿಗೆ ಸೇರಿಸಬೇಕು. ಅಲ್ಲಿಯವರೆಗೆ ಸತ್ತವನು ಆ ಶಿಲುಬೆಯಲ್ಲೇ ಇರುತ್ತಾನೆ. ಅದನ್ನು ತುಳಿಯುವವನು, ದಾಟುವವನು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಶಿಲುಬೆ ಬರೆಯುವುದು ಮನೆಯೊಳಗೆ. ದೊಮಿತಿಲಾ ಬಾದಾಮಿ ಮರದ ಕೆಳಗೆ ಗುಂಡಿಗೆ ಇಟ್ಟಿಗೆ ತುಂಬಿಸಿ, ಅದರ ಮೇಲೆ ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೂ ಬರೆದಳು.

“ಅತ್ಗೆ, ಇಲ್ಲಿ ಬರೀತಾರಾ?” ಅಂದೆ.

“ಅವ್ರು ಮನೇಲಿ ಸತ್ರಾ?” ಅಂದಳು.

ಗಾಯದ ಕೈಗೆ ಕಟ್ಟಿಕೊಂಡಿದ್ದ ಬಟ್ಟೆ ಬಿಗಿ ಮಾಡಿಕೊಂಡು ಅವಳ ಪಕ್ಕ ಕುಳಿತೆ. ಸಂಜೆ ಅಣ್ಣನನ್ನು ಮಣ್ಣಿಗಿಟ್ಟು ಬಂದ ಮೇಲೆ ಇಡೀ ಕೇರಿಯ ಹೆಂಗಸರು ಬಂದು ಕುಳಿತರು.

ಮರುದಿನ ಬೆಳಗ್ಗೆ ತಾರಿನ ಗಾಡಿ ಬಂತು. ಅದರ ಆಳುಗಳು ನಮ್ಮ ಕೇರಿಯವರೇ. ಸುಣ್ಣ ಕಂಡದ್ದೇ ಗಾಡಿ ನಿಲ್ಲಿಸಿ ಟೋಪಿ ತೆಗೆದರು. ಬರ್ರಗಾನ್ ಹಿಂದಿನಿಂದ ಕಿರುಚಿದ. “ಏನ್ರೋ ನೋಡ್ತಾ ನಿಂತಿದ್ದೀರಾ? ನೀರು ಹಾಕಿ ತೊಳೀರಿ!”

ಅವರಲ್ಲಿ ಹಿರಿಯನಾದವನು ತಲೆ ತಗ್ಗಿಸಿಯೇ ಅಂದ. “ಎತ್ತದೆ ಮುಟ್ಟಕಾಗಲ್ಲ ಸ್ವಾಮಿ. ಇದ್ರ್ ಮ್ಯಾಲೆ ತಾರು ಉಯ್ದ್ರೆ ಕ್ರೆಸೆನ್ಸಿಯೊನ ರಸ್ತೆ ಕೆಳಗೆ ಕೂಡಾಕ್ದಂಗಾಯ್ತದೆ. ಆ ಪಾಪ ನಂಗ್ ಬ್ಯಾಡ.”

“ಕೆಲಸದಿಂದ ಕಿತ್ತಾಕ್ತೀನಿ.”

“ಕಿತ್ತಾಕಿ.”

ಬರ್ರಗಾನ್ ಬೇಕಾದರೆ ತಾನೇ ನೀರು ಹಾಕಬಹುದಿತ್ತು. ಬಕೆಟ್ ಅಲ್ಲೇ ಇತ್ತು. ಅವನು ಗಾಡಿಯಲ್ಲಿ ಕುಳಿತು ಚರ್ಚಿಗೆ ಹೋದ, ಫಾದರ್ ಆನ್ಸೆಲ್ಮೊ ಅವರನ್ನು ಕರೆತಂದ.

ಫಾದರ್ ಕೊಡೆ ಹಿಡಿಸಿಕೊಂಡು ಬಂದರು. ದೊಮಿತಿಲಾ ಅವರ ಕೈಗೆ ಮುತ್ತಿಡಲು ಬಗ್ಗಿದಾಗ ಕೈ ಹಿಂದಕ್ಕೆ ಎಳೆದುಕೊಂಡರು. “ಇದು ಭಕ್ತಿ ಅಲ್ಲ, ಪುಂಡಾಟ. ನಿಮ್ಮಂಥವರಿಗೆ ರಸ್ತೆ ತಡೆಯೋದಕ್ಕೆ ದೇವರೂ ಒಂದು ನೆಪ. ಇದನ್ನ ಗುಡಿಸಿ ಮನೇಲಿ ಬರಕೋ. ಇಲ್ಲದಿದ್ದರೆ ನಿನ್ನ ಗಂಡನ ಹೆಸರಲ್ಲಿ ನಾನು ಪೂಜೆ ಮಾಡಲ್ಲ.”

“ಮಾಡ್ಬ್ಯಾಡಿ ಫಾದ್ರೆ,” ಅಂದಳು ದೊಮಿತಿಲಾ. ಅವಳ ದನಿ ಏರಲೂ ಇಲ್ಲ. “ನಾವೇ ಜಪ ಮಾಡ್ಕತೀವಿ. ಎತ್ತೋ ದಿನ ಎತ್ತೋರು ಬಂದ್ರೆ ಸಾಕು.”

“ಯಾರು ಎತ್ತೋರು?”

“ದೊನ್ ಎವೆರಾರ್ದೊ.”

ಕೊಡೆ ಹಿಡಿದವನು ಕೂಡ ಅವಳತ್ತ ತಿರುಗಿದ. ದೊನ್ ಎವೆರಾರ್ದೊ ಎಂದರೆ ಪುರಸಭೆಯ ಅಧ್ಯಕ್ಷ. ಕಾರ್ಖಾನೆಯ ಅರ್ಧ ಕಬ್ಬು ಅವನ ಗದ್ದೆಯದು. ಬೂದಿಕೇರಿಗೆ ಅವನು ಕಾಲಿಡುವುದು ಓಟಿನ ಕಾಲದಲ್ಲಿ, ಅದೂ ಗಾಡಿಯ ಬಾಗಿಲವರೆಗೆ.

“ತಲೆ ಕೆಟ್ಟಿದೆಯಾ ನಿಂಗೆ?” ಎಂದರು ಫಾದರ್.

“ಕೇಳ್ಕಂಡಿದೀನಿ ಅಂತ ಯೋಳಿ. ಸತ್ತೋನ್ ಶಿಲುಬೆ ಎತ್ತು ಅಂತ ಕೇಳುದ್ರೆ ಯಾರೂ ಒಲ್ಲೆ ಅನ್ನಂಗಿಲ್ಲ. ನೀವೇ ಯೋಳ್ಕೊಟ್ಟಿದ್ದು.”

ಇಲ್ಲವೆನ್ನಲು ಫಾದರ್‌ಗೂ ಆಗಲಿಲ್ಲ. ಶಿಲುಬೆ ಎತ್ತಿದವನು ಅಂದಿನಿಂದ ಆ ಮನೆಯ ನೆಂಟ. ಕೊಂಪಾದ್ರೆ ಎಂದು ಕರೆಯುತ್ತೇವೆ, ಒಡಹುಟ್ಟಿದವನಿಗಿಂತ ಒಂದು ಕೈ ಮೇಲು. ಒಲ್ಲೆ ಎಂದವನ ಮನೆಯಲ್ಲಿ ಏನೇನಾಯಿತೆಂಬ ಕತೆಗಳು ಊರ ತುಂಬ ಇದ್ದವು. ದೊನ್ ಎವೆರಾರ್ದೊನ ಮುದಿತಾಯಿ ಆ ಕತೆಗಳನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು.

ರಸ್ತೆ ನಿಂತೇಹೋಯಿತು. ಲಾರಿಗಳು ಹೆದ್ದಾರಿಯವರೆಗೂ ಸಾಲುಗಟ್ಟಿದವು. ಕಾರ್ಖಾನೆಯ ಮ್ಯಾನೇಜರ್ ಬಂದು ಕೂಗಾಡಿದ, ಪೊಲೀಸರು ಬಂದು ಟೋಪಿ ತೆಗೆದು ಹೋದರು. ನಾವು ಕುಳಿತೇ ಇದ್ದೆವು. ನನಗಂತೂ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಜಪ ಬಾಯಲ್ಲಿ, ಕಣ್ಣು ರಸ್ತೆಯ ಮೇಲೆ. ಗಾಳಿ ಬೀಸಿದರೆ ಸುಣ್ಣ ಹಾರೀತೆಂದು, ಮೋಡ ಕವಿದರೆ ತೊಳೆದು ಹೋದೀತೆಂದು ಎದ್ದೆದ್ದು ನೋಡುತ್ತಿದ್ದೆ. ಮಳೆ ಬಂದಾಗ ಶಿಲುಬೆಯ ಮೇಲೆ ಪ್ಲಾಸ್ಟಿಕ್ ಹಿಡಿದು ನಾವು ನೆನೆದೆವು.

“ಅವ್ನು ಬರಾದಿಲ್ಲ ಅತ್ಗೆ,” ಎಂದು ದಿನವೂ ಹೇಳುತ್ತಿದ್ದೆ.

“ಬರ್ದಿದ್ರೆ ನಿಮ್ಮಣ್ಣ ಇಲ್ಲೇ ಇರ್ತಾರೆ. ಗವರ್ನರ್ ಬಂದ್ ನೋಡ್ಲಿ.”

ಒಂಬತ್ತನೆಯ ದಿನ ಅವನು ಬಂದ. ಮರುದಿನವೇ ಗವರ್ನರ್ ಬರುವವರು. ಬಿಳಿ ಅಂಗಿ, ಮಾರು ದೂರಕ್ಕೆ ಬಡಿಯುವ ಸೆಂಟು, ಪಕ್ಕದಲ್ಲಿ ಫೋಟೊ ತೆಗೆಯುವವನು. ಬರ್ರಗಾನ್ ರಸ್ತೆಯ ಮೇಲೆ ರಟ್ಟು ಹಾಸಿದ, ಅಧ್ಯಕ್ಷರ ಪ್ಯಾಂಟು ಕೊಳೆಯಾಗಬಾರದಲ್ಲ. ದೊಮಿತಿಲಾ ಬಗ್ಗಿ ರಟ್ಟನ್ನು ಎಳೆದು ಆಚೆ ಹಾಕಿದಳು.

“ಮಣ್ಣಿನ್ ಮ್ಯಾಲೇ ಕೂರ್ಬೇಕು.”

ಅವನು ಸುತ್ತ ನೋಡಿದ. ಕೇರಿಗೆ ಕೇರಿಯೇ ನಿಂತಿತ್ತು. ಮೊಣಕಾಲೂರಿದ. ಶಿಲುಬೆಯ ತಲೆ, ಎರಡು ತೋಳು, ಕಾಲು ಎಂದು ಒಂದೊಂದೇ ಬಾಚಿ ಮರದ ಪೆಟ್ಟಿಗೆಗೆ ತುಂಬಿದ. ಕ್ಯಾಮೆರಾ ಕಣ್ಣು ಮಿಟುಕಿಸುತ್ತಲೇ ಇತ್ತು. ಅವನ ಬೆರಳುಗಳಿಗೆ ಸುಣ್ಣ ಮೆತ್ತಿಕೊಂಡದ್ದನ್ನು ನೋಡಿ ನನಗೆ ಹೊಟ್ಟೆ ತಣ್ಣಗಾಯಿತು ಎಂದರೆ ಸುಳ್ಳಲ್ಲ.

“ಆಯ್ತಲ್ಲಮ್ಮ,” ಎಂದು ಎದ್ದು ಮಂಡಿ ಕೊಡವಿದ.

“ಎಲ್ಲಾಯ್ತು ಕೊಂಪಾದ್ರೆ? ಸಮಾಧಿಗೆ ನಡೀರಿ.”

ಆ ಮಾತಿಗೆ ಅವನ ಕೆನ್ನೆ ಅದುರಿತು. ಅವನು ಗಾಡಿಯ ಕಡೆ ತಿರುಗಿದ.

“ನಡ್ಕಂಡು,” ಅಂದಳು.

ಸ್ಮಶಾನದ ದಾರಿ ಬೂದಿಕೇರಿಯೊಳಗಿಂದ ಹೋಗುತ್ತದೆ. ಪೆಟ್ಟಿಗೆಯನ್ನು ಎದೆಗೆ ಹಿಡಿದುಕೊಂಡು ಅವನು ಮುಂದೆ, ನಾವು ಹಿಂದೆ, ಅವನ ಗಾಡಿ ಎಲ್ಲರ ಹಿಂದೆ. ಮೊದಲ ಗುಂಡಿ ಅವನ ಬೂಟು ನುಂಗಿತು. ತಕ್ಷಣ ಬಾಗಿಲಲ್ಲಿ ನಿಂತಿದ್ದ ಒಬ್ಬಳು ಅಂದಳು. “ಇದು ನಮ್ಮನೆ ಮುಂದಿಂದು ದೊನ್ ಎವೆರಾರ್ದೊ. ನಮ್ಮತ್ತೆ ಸೊಂಟ ಮುರ್ಕಂಡಿದ್ದು ಇಲ್ಲೇ.”

“ಈ ಕಡೆ ನೋಡಿ, ಇದ್ರಾಗೆ ಆಟೋ ಮಗುಚ್ತು, ನನ್ ಬಸ್ರು ಓಯ್ತು.”

“ಬಲಕ್ಕೆ ಸ್ವಾಮಿ, ಬಲಕ್ಕೆ! ಅದು ಕಕ್ಕಸ್ ನೀರಿನ್ ಗುಂಡಿ. ಅಯ್ಯೋ, ಇಳ್ದೇಬುಟ್ರಲ್ಲ!”

ಯಾರೂ ಹೇಳಿಕೊಟ್ಟದ್ದಲ್ಲ. ಪುರಸಭೆಯ ಬಾಗಿಲಲ್ಲಿ ಒಬ್ಬರೂ ಕೇಳಿಸಿಕೊಳ್ಳದ ದೂರುಗಳು ಒಂದೊಂದು ಬಾಗಿಲಿಂದಲೂ ಬಂದವು. ಅವನ ಕತ್ತು ಕೆಂಪಾಯಿತು, ಬೆನ್ನ ಮೇಲೆ ಅಂಗಿ ಅಂಟಿಕೊಂಡಿತು. ಯಾರೋ ಹಿಂದಿನಿಂದ ನಕ್ಕರು. ಅವನು ಸರಕ್ಕನೆ ನಿಂತ.

“ಸಾಕು ಮಾಡ್ರೇ! ಏನಂದ್ಕೊಂಡಿದ್ದೀರಾ ನನ್ನ? ಬರ್ರಗಾನ್, ಹಿಡಿ ಇದನ್ನ!”

ಬರ್ರಗಾನ್ ಪೆಟ್ಟಿಗೆಗೆ ಕೈ ಚಾಚಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದ. ಪೆಟ್ಟಿಗೆ ಇಬ್ಬರ ನಡುವೆ ಜಾರಿ ಗುಂಡಿಯ ಕೆಸರಿಗೆ ಬಿತ್ತು, ಮುಚ್ಚಳ ತೆರೆದುಕೊಂಡಿತು. ದೊನ್ ಎವೆರಾರ್ದೊ ಅದನ್ನು ನೋಡಿದ. ನಮ್ಮನ್ನೂ ನೋಡಿದ. ಆಮೇಲೆ ಗಾಡಿ ಹತ್ತಿ ಬಾಗಿಲು ಎಳೆದುಕೊಂಡು ಹೊರಟುಹೋದ.

ನನ್ನ ಅಣ್ಣ ಎರಡನೆಯ ಸಲ ಗುಂಡಿಗೆ ಬಿದ್ದಿದ್ದ. ನಾನು ಬಾಯಿ ಬಡಿದುಕೊಂಡು ಅತ್ತೆ. ಎಷ್ಟು ಬೈದೆನೋ, ಯಾರ್ಯಾರ ತಾಯಿಯನ್ನು ಎಳೆದೆನೋ ನೆನಪಿಲ್ಲ. ಕೇರಿಯ ಮುದುಕಿಯರು ಎದೆ ಬಡಿದುಕೊಂಡರು. ಎತ್ತಿ ಅರ್ಧ ದಾರಿಯಲ್ಲಿ ಬಿಟ್ಟರೆ ಸತ್ತವನು ಇಲ್ಲಿಗೂ ಇಲ್ಲ, ಅಲ್ಲಿಗೂ ಇಲ್ಲ. ಅಷ್ಟರಲ್ಲಿ ಬಾದಾಮಿ ಮರದ ಕಡೆಯಿಂದ ರೋಲರ್ ಸದ್ದು ಕೇಳಿಸಿತು. ಸುಣ್ಣ ಎತ್ತಿಯಾಗಿತ್ತಲ್ಲ, ತಾರು ಹಾಕುತ್ತಿದ್ದರು.

ದೊಮಿತಿಲಾ ಅಳಲಿಲ್ಲ. ಗುಂಡಿಯ ಅಂಚಿನಲ್ಲಿ ಕುಳಿತು, ಸುಣ್ಣವನ್ನು ಕೆಸರಿನ ಸಮೇತ ಬಾಚಿ ಬಾಚಿ ತನ್ನ ಕರಿ ಶಾಲಿನೊಳಕ್ಕೆ ತುಂಬಿಕೊಂಡಳು. ಕೆಸರಿನ ಒಂದು ಹನಿಯನ್ನೂ ಬಿಡಲಿಲ್ಲ. ಎದ್ದವಳು ಸ್ಮಶಾನದ ಕಡೆ ಹೋಗದೆ ಊರ ಕಡೆ ತಿರುಗಿದಳು.

“ಎಲ್ಲಿಗತ್ಗೆ?”

“ಎತ್ತಿದ್ ಕೈ ಇರೋ ತಾವ್ಕೆ.”

ಬಾದಾಮಿ ಮರದ ಕೆಳಗೆ ಹೊಸ ತಾರು ಇನ್ನೂ ಹೊಗೆಯಾಡುತ್ತಿತ್ತು. ಅದರ ಮೇಲೆಯೇ ನಡೆದೆವು. ಅಂಗಾಲು ಸುಟ್ಟಿತು. ತಾರು ಹಾಕುತ್ತಿದ್ದ ನಮ್ಮ ಕೇರಿಯ ಆಳುಗಳು ನಮ್ಮನ್ನು ನೋಡಿ ರೋಲರ್ ಆರಿಸಿ ಹಿಂದೆ ಬಂದರು.

ಪುರಸಭೆಯ ಬಾಗಿಲು ಹಾರು ಹೊಡೆದಿತ್ತು. ಒಳಗೆ ನಾಳೆಗಾಗಿ ಬಣ್ಣದ ಕಾಗದ ಕಟ್ಟುತ್ತಿದ್ದರು. ದೊಮಿತಿಲಾ ಹೊಸ್ತಿಲ ಮುಂದೆ ಶಾಲು ಬಿಚ್ಚಿದಳು. ಈ ಸಲ ಶಿಲುಬೆ ಬೆಳ್ಳಗಿರಲಿಲ್ಲ. ಬೂದುಬಣ್ಣದ ಕೆಸರು, ಅದರಲ್ಲಿ ಇಟ್ಟಿಗೆಯ ಹರಳು. ಬಾಗಿಲ ಈ ಕಂಬದಿಂದ ಆ ಕಂಬದವರೆಗೆ ತೋಳು ಚಾಚಿ ಬರೆದಳು. ಕುರ್ಚಿ ಒರೆಸಿದ್ದ ಗುಮಾಸ್ತೆ ಮನೆಗೆ ಹೊರಟವಳು ಹೊಸ್ತಿಲವರೆಗೆ ಬಂದು, ಅದನ್ನು ಕಂಡು, ಹಣೆ ಎದೆ ಮುಟ್ಟಿಕೊಂಡು ಒಳಕ್ಕೆ ಸರಿದಳು.

“ಹಿಂದ್ಗಡೆ ಬಾಗ್ಲದೆ,” ಎಂದು ಯಾರೋ ಒಳಗಿನಿಂದ ಅಂದರು.

ಜೋಳ ತಿನ್ನುವ ಮನೆಗಳಲ್ಲಿ ಸುಣ್ಣಕ್ಕೇನು ಬರವೇ? ಮೂವರು ಹೆಂಗಸರು ಆಗಲೇ ಮಡಕೆ ಹಿಡಿದು ಹಿಂದಿನ ಬಾಗಿಲಿಗೂ ಶಿಲುಬೆ ಬರೆಯಲು ಹೋಗಿದ್ದರು.

ದೊನ್ ಎವೆರಾರ್ದೊ ಬರುವಷ್ಟರಲ್ಲಿ ನಾವು ಮೆಟ್ಟಿಲ ತುಂಬ ಕುಳಿತಿದ್ದೆವು. ಅಂಗಿ ಬದಲಿಸಿಕೊಂಡು ಬಂದಿದ್ದ. ಬಾಗಿಲಲ್ಲಿ ಬಿದ್ದಿದ್ದನ್ನು ನೋಡಿ ಕಾವಲುಗಾರನಿಗೆ ಹೇಳಿದ, “ಗುಡಿಸಿ ಹಾಕು.”

ಕಾವಲುಗಾರ ಪೊರಕೆ ತಂದ. ಬಗ್ಗಿದ. ಬಗ್ಗಿದವನು ಪೊರಕೆಯನ್ನು ಗೋಡೆಗೆ ಒರಗಿಸಿ, ಟೋಪಿ ತೆಗೆದು ನಮ್ಮ ಸಾಲಿನ ಕೊನೆಯಲ್ಲಿ ಕುಳಿತ.

ಅಧ್ಯಕ್ಷ ತನ್ನ ಕಚೇರಿಯ ಮುಂದೆ ಒಬ್ಬನೇ ನಿಂತಿದ್ದ. ದೊಮಿತಿಲಾ ಪಕ್ಕಕ್ಕೆ ಸರಿದು, ಕಲ್ಲಿನ ಮೇಲೆ ಒಬ್ಬರು ಕೂರುವಷ್ಟು ಜಾಗವನ್ನು ಕೈಯಲ್ಲಿ ಒರೆಸಿದಳು.

“ಕುಂತ್ಕಳಿ ಕೊಂಪಾದ್ರೆ,” ಅಂದಳು. “ಇವತ್ ಒಂದ್ನೇ ದಿನ.”